ರಾಗಿಹಿಟ್ಟಿನೊಳಗಿನ ವಾರಂಟು

ಹುಣಸೂರು, 12-11-1956, ಸೋಮವಾರ

ನಿನ್ನೆ ರಾತ್ರಿ ಕೆಟ್ಟ ಕನಸು. ಕೃಷ್ಣರಾಜನಗರದ ಸ್ಟೇಷನ್ನಿನಲ್ಲಿ ಟಿಕೆಟ್ ನೋಡುವವನು ನನ್ನನ್ನೂ ಮಗಳು ಪುಟ್ಟಿಯನ್ನೂ ರೈಲಿನಿಂದ ಇಳಿಸಿಬಿಟ್ಟ. ಎದ್ದವಳೇ ಕೈಚೀಲ ತಡಕಿದೆ. ಟಿಕೆಟ್ಟಿನ ಬದಲು ತೋರಿಸಲು ಮಿಲಿಟರಿಯವರು ಕಳಿಸಿದ್ದ ರೈಲು ವಾರಂಟು ಇಲ್ಲ! ನಾಡಿದ್ದೇ ಪ್ರಯಾಣ. ಆ ಕಾಗದವಿಲ್ಲದೆ ಅಂಬಾಲಾದಲ್ಲಿರುವ ನಮ್ಮವರ ಹತ್ತಿರ ಹೋಗುವುದು ಹೇಗೆ?

ಕಾಗದಪತ್ರ ಕೈಯಲ್ಲೇ ಇರಲಿ, ಸಾಮಾನಿನೊಳಗೆ ಹಾಕಬೇಡಿ ಎಂದು ಅವರು ಮೂರು ಸಲ ಬರೆದಿದ್ದರು. ಅತ್ತೆ ಕೇಳಿದರೆ ತಾನೆ?

"ಇಲಿ ಕಡಿತವೆ ಅಂತ ರಾಗಿಹಿಟ್ಟಿನ ಡಬ್ಬದೊಳಗೆ ಮಡಗಿವ್ನಿ ಕಣವ್ವ. ನಮ್ಮ ಒಡವೆನೂ ಅಂಗೇ ಮಡಗ್ತಿದ್ದೋ."

ನನ್ನ ಜೊತೆ ಕಳಿಸಲು ಹಿಟ್ಟು ತುಂಬಿದ ಎರಡು ಡಬ್ಬಕ್ಕೂ ತಗಡಿನ ಕೆಲಸದ ನಜೀರ್ ಸಾಬರು ನಿನ್ನೆಯೇ ಬೆಸುಗೆ ಹಾಕಿ ಹೋಗಿದ್ದಾರೆ. ಯಾವುದರಲ್ಲಿದೆ ಎಂದರೆ ಅತ್ತೆಗೆ ಅದೂ ನೆನಪಿಲ್ಲವಂತೆ! ಸಾಬರು ಬಂದು ಮುಚ್ಚಳ ಕೀಳುತ್ತಾ, "ಏನವ್ವಾ, ರೈಲ್‌ಗೂ ಮುದ್ದೆ ಉಣ್ಣುಸ್ತೀರಾ?" ಎಂದು ನಗುತ್ತಾರೆ. ನನಗೋ ಮೈಯೆಲ್ಲ ಉರಿ. ಹೊರಡುವವಳು ನಾನು. ನನ್ನನ್ನು ಒಂದು ಮಾತೂ ಕೇಳದೆ ಮನೆಯವರೆಲ್ಲ ಗಂಟು ಕಟ್ಟುತ್ತಾರೆ.

ಎರಡನೆಯ ಡಬ್ಬದಲ್ಲಿ ಸಿಕ್ಕಿತು. ರವಿಕೆಯೊಳಗೆ ಇಟ್ಟುಕೊಂಡಿದ್ದೇನೆ, ಇನ್ನು ಯಾರ ಕೈಗೂ ಕೊಡುವುದಿಲ್ಲ. ಆದರೆ ಅದರಲ್ಲಿರುವುದೆಲ್ಲ ಇಂಗ್ಲಿಷು, ನಾನು ಓದಿದ್ದು ಕನ್ನಡ ಮೂರನೇ ಕ್ಲಾಸು. ಪುಟ್ಟಿಯ ಹೆಸರೂ ಇದೆ ಎಂದು ಮೇಷ್ಟರು ಹೋದ ವಾರ ಓದಿ ಹೇಳಿದ್ದರು. ಸರಿಯಾಗಿ ನೋಡಿದರೋ ಇಲ್ಲವೋ. ಬೆಳಿಗ್ಗೆ ಹೋಗಿ ಕೇಳಬೇಕು, "ಮೇಷ್ಟ್ರೇ, ಪುಟ್ಟಿ ಹೆಸರು ಇದೆಯಾ, ಇನ್ನೊಂದು ಸಲ ನೋಡಿ."