ರುಕ್ಮಾಳ ಗುಳಿಗೆ

ಆಗಸ್ಟ್ ೭, ಗುರುವಾರ, ತೇರಗಾಂವ

ಸಿಟ್ಟು ಇನ್ನೂ ಇಳಿದಿಲ್ಲ. ಖಿನ್ನತೆಯ ಹೊಸ ಗುಳಿಗೆ ಪರೀಕ್ಷಿಸಲು ಬಂದ ಸಂಶೋಧಕರು ಪಕ್ಕದ ಮನೆಯ ರುಕ್ಮಾಳಿಗೆ ಮಳೆಗಾಲ ಶುರುವಾಗುವವರೆಗೆ ಅದನ್ನು ಪುಕ್ಕಟೆ ಕೊಟ್ಟರು. ಮಗಳು ಸತ್ತಾಗಿನಿಂದ ಮೂಲೆ ಹಿಡಿದಿದ್ದವಳು ನಿದ್ದೆ ಮಾಡಿದಳು, ಗದ್ದೆಗೂ ಹೋದಳು. ಅಧ್ಯಯನ ಮುಗಿಯಿತು, ಗುಳಿಗೆ ನಿಂತಿತು. ಈಗ ಮತ್ತೆ ಅದೇ ಮೂಲೆ. ಹಿಂದೆ ಸಂಶೋಧನೆಗೆಂದು ಅವಳಪ್ಪನ ರಕ್ತ ಒಯ್ದವರೂ ಹೀಗೇ ತಿರುಗಿ ಬರಲಿಲ್ಲ. ನಾನು ಮರೆತಿಲ್ಲ.

ಇವತ್ತು ಗುಳಿಗೆ ಕೊಟ್ಟವರ ಡಾಕ್ಟರಿಗೆ ಫೋನ್ ಮಾಡಿದೆ. “ಗುಳಿಗಿ ಹೆಸರರೆ ಹೇಳ್ರಿ, ನಾವ ಕೊಳ್ತೇವಿ.”

“ರಿಪೋರ್ಟ್ ಅಚ್ಚಾಗೂತನಕ ಹೇಳಂಗಿಲ್ರಿ. ಆದ್ರ ರಿಸಲ್ಟ್ ಭಾಳ ಚಲೋ ಬಂದೈತಿ!”

ರುಕ್ಮಾ ಕೇಳಿ ನಕ್ಕಳು. “ನನಗ ಆರಾಮ ಆದದ್ದು ಅವರಿಗೆ ಗೊತ್ತಾತಲ್ಲ ಕಾಕಾ, ಇನ್ಯಾಕ ಬರ್ತಾರ?”

ನಾಳೆ ಅವಳನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಯಾವ ಗುಳಿಗೆಯಿಂದ ಗುಣವಾಗಿತ್ತು ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳಲಿ? ಬಿಳಿಯದು, ದುಂಡನೆಯದು...