ರಟ್ಟಿನ ಸಬ್‌ಮರೀನಿನ ಮುಚ್ಚಳ

ಏನ್ರಿ,

ಭೋಜ ಊರಾಗಿನ ಅಕ್ಕನ ಮನಿಗೆ ಹೊಂಟೀನಿ, ನಾಳೆ ಬರ್ತೀನಿ. ರೊಟ್ಟಿ, ಝುಣಕಾ ಮುಚ್ಚಿಟ್ಟೀನಿ. ನೇಮ ತಪ್ಪಸದಂಗ ಹೊತ್ತು ಮುಳುಗೂದ್ರಾಗ ಉಣ್ರಿ. ಕತ್ರಿ, ರಟ್ಟು ಕೈಯಾಗ ಬಂದ್ರ ನಿಮಗ ಯಾವುದರ ಖಬರೂ ಇರೂದಿಲ್ಲ. ನಮ್ಮ ಮಗ ಸನ್ಮತಿಗರೆ ಆ ಖರೇ ಸಬ್‌ಮರೀನಿನ್ಯಾಗ, ಸಮುದ್ರದ ತಳದಾಗ, ಹೊತ್ತು ಮುಳುಗಿದ್ದು ಹೆಂಗ ತಿಳೀತೈತೋ! ಅವನ ಫೋನ್ ಬಂದು ತಿಂಗಳ ಮ್ಯಾಲಾತು.

ಮುಂಜಾನೆ ನಿಮ್ಮ ರಟ್ಟಿನ ಸಬ್‌ಮರೀನಿನೊಳಗ ಹಣಿಕಿ ಹಾಕಿ ನೋಡಿದೆ. ಅಷ್ಟು ಸಣ್ಣ ಕಾಗದದ ಮಂದ್ಯಾಗ ಒಬ್ಬಗ ನಮ್ಮ ಹುಡುಗನಂಗ ಮೀಸಿ ಬರದೀರಿ.

ಇವತ್ತ ಮ್ಯಾಲಿನ ಮುಚ್ಚಳಾ ಅಂಟಸ್ತೀನಿ ಅಂದಿದ್ರಿ. ಅಂಟಸಬ್ಯಾಡ್ರಿ. ಅವ ಫೋನಿನ್ಯಾಗ ಮಾತಾಡೂತನಕ ತೆರದ ಇರಲಿ.

ಫೆವಿಕಾಲ್ ಹುಡುಕಬ್ಯಾಡ್ರಿ. ನನ್ನ ಚೀಲದಾಗ ಐತಿ.

ತ್ರಿಶಲಾ