ಸುಬೈಟಿ ಸಿಕ್ಕ ಶುಕ್ರವಾರ

ರಿಗ್ಗೈ, ಕುವೈತ್
22 ಫೆಬ್ರವರಿ 2025, ಶನಿವಾರ

ಪ್ರೀತಿಯ ಡೊಮಿನಿಕ್ ಅಣ್ಣಾ,

ಹೇಗಿದ್ದೀ? ಮೊಣಕಾಲಿನ ನೋವು ಈಗ ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಅಥವಾ ಅದು ಅಲಮಾರಿಯಲ್ಲೇ ಕುಳಿತಿದೆಯೋ? ಮೊಲ್ಲಿ ಅತ್ತಿಗೆಯ ಶುಗರ್ ಸ್ವಲ್ಪ ಇಳಿದಿದೆ ಎಂದು ಕೇಳಿ ಸಮಾಧಾನವಾಯಿತು. ಈಸ್ಟರಿಗೆ ಮೊದಲಿನ ತಪಸ್ಸು ಕಾಲ ಹತ್ತಿರ ಬಂತು, ಅದಕ್ಕೆ ಮೊದಲು ಸಿಹಿ ಮುಗಿಸಬೇಕೆಂದು ಹಟ ಮಾಡಬೇಡ ಎಂದು ಅವಳಿಗೆ ಹೇಳು. ನಾನು, ಡ್ಯಾನಿಯಲ್, ಮಗ ಆನ್ಸನ್, ಮೂವರೂ ಸೌಖ್ಯ. ಫೋನಿನಲ್ಲಿ ಹೇಳಬಹುದಿತ್ತು ನಿಜ, ಆದರೆ ಫೋನಿನಲ್ಲಿ ನೀನು "ಹಾಂ, ಸರಿ, ಸರಿ" ಎಂದು ಎರಡೇ ನಿಮಿಷದಲ್ಲಿ ಇಟ್ಟುಬಿಡುತ್ತೀ. ಪಕ್ಕದ ಫ್ಲ್ಯಾಟಿನ ಲೂರ್ಡ್ಸ್ ಬಾಯಿ ಮಂಗಳವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ನಿಧಾನವಾಗಿ ಕುಳಿತು ಓದು. ನನ್ನ ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ನಿನ್ನೆ ಆದ ಸಂಭ್ರಮವನ್ನೆಲ್ಲ ಒಂದೇ ಉಸಿರಿಗೆ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಆನ್ಸನ್‌ಗೆ ಕಳೆದ ತಿಂಗಳು ಹತ್ತು ತುಂಬಿತಲ್ಲ, ಹುಟ್ಟುಹಬ್ಬಕ್ಕೆ ಮೀನು ಹಿಡಿಯಲು ಹೋಗಬೇಕೆಂದು ಹಟ ಹಿಡಿದಿದ್ದ. ಡ್ಯಾನಿಯಲ್‌ಗೆ ಸುಲೈಬಿಯಾದ ಗೋದಾಮಿನಲ್ಲಿ ವಾರವಿಡೀ ಲಾರಿ, ಪೆಟ್ಟಿಗೆ, ಫೋನು; ಸಿಗುವುದು ಒಂದು ಶುಕ್ರವಾರ. ಆ ಒಂದು ದಿನವೂ ಹಾಳಾಗಬಾರದೆಂದು ಅವನು ದೂರದ ಒಂದು ತೋಟದಲ್ಲಿ ಜಾಗ ಬುಕ್ ಮಾಡಿದ. ತೋಟದ ಒಡೆಯ ದೊಡ್ಡ ಕೊಳ ತೋಡಿಸಿ ತಿಲಾಪಿಯಾ ಸಾಕಿದ್ದಾನೆ. ತಲೆಗೆ ಇಷ್ಟು ದಿನಾರ್ ಎಂದು ಕೊಟ್ಟರೆ ರಾಡ್ ಅವರದೇ, ನೆರಳು ಅವರದೇ, ಕುರ್ಚಿ, ಚಹಾ ಎಲ್ಲ ಅವರದೇ. ಮೀನು ಸಿಕ್ಕೇ ಸಿಗುತ್ತದೆಂದು ಬೋರ್ಡ್ ಬೇರೆ ಹಾಕಿದ್ದಾರೆ. ಸುಳ್ಳಲ್ಲ ಅಣ್ಣಾ, ಗಾಳ ಹಾಕಿ ಹತ್ತು ನಿಮಿಷದಲ್ಲಿ ಆನ್ಸನ್ ನಾಲ್ಕು ಮೀನು ಎಳೆದ. ಡ್ಯಾನಿಯಲ್ ಹಿಗ್ಗಿ ಫೋಟೋ ತೆಗೆದದ್ದೇ ತೆಗೆದದ್ದು. ಐದನೆಯ ಸಲ ಗಾಳ ಹಾಕುವ ಮೊದಲು ಹುಡುಗ ಕೊಳದ ಆಚೆ ನೋಡಿದ. ಅಲ್ಲಿ ಕೆಲಸದವನೊಬ್ಬ ಬಕೆಟ್ಟಿನಿಂದ ಮೀನಿನ ತಿಂಡಿ ಎರಚುತ್ತಿದ್ದ, ನೀರು ಕುದಿಯುವ ಹಾಗೆ ಮೀನುಗಳು ಮುತ್ತಿದ್ದವು. ಆನ್ಸನ್ ರಾಡನ್ನು ಕುರ್ಚಿಗೆ ಒರಗಿಸಿಟ್ಟು, "ದೇ ಆರ್ ಜಸ್ಟ್ ಹಂಗ್ರಿ, ಮಮ್ಮಾ. ಐ ಡಿಡಂಟ್ ಕ್ಯಾಚ್ ಎನಿಥಿಂಗ್" ಎಂದ. ಮತ್ತೆ ಅದನ್ನು ಮುಟ್ಟಲಿಲ್ಲ. ಡ್ಯಾನಿಯಲ್‌ನ ಮುಖ ನೋಡಲಾಗಲಿಲ್ಲ ನನಗೆ.

ಮನೆಗೆ ಬರುವಾಗ ಕಾರಿನಲ್ಲೇ ನಮ್ಮಿಬ್ಬರ ಜಗಳ. ಹಾಗಾದರೆ ಮಹಬೂಲಾದ ಕಡಲ ದಂಡೆಗೆ ಹೋಗೋಣ, ಅಲ್ಲಿ ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದೆ. "ಎಂತ ಮಾರಾಯ್ತಿ, ಐದು ಗಂಟೆ ಕೂತು ಗಾಳಿ ತಿನ್ನುವುದಾ? ಸಿಕ್ಕದಿದ್ದರೆ ಅವನ ಎದುರು ನನ್ನ ಮರ್ಯಾದೆ ಏನು?" ಎಂದು ಅವನು. ಅವನ ಮಾತಿನಲ್ಲೂ ಅರ್ಥವಿತ್ತು ಅಣ್ಣಾ. ಬೆವರು ಸುರಿಸಿ ದುಡಿಯುವ ಅಪ್ಪನಿಗೆ ಮಗನ ಕೈಗೊಂದು ಖಂಡಿತವಾದ ಸಂತೋಷ ಕೊಡುವ ಆಸೆ ಇರುವುದಿಲ್ಲವೇ? ಕೊನೆಗೆ ನಾಲ್ಕು ಶುಕ್ರವಾರ ಕಡಲಿಗೆ ಹೋಗುವುದು, ನಾಲ್ಕರಲ್ಲೂ ಏನೂ ಸಿಕ್ಕದಿದ್ದರೆ ನಾನು ಬಾಯಿ ಮುಚ್ಚಿಕೊಂಡು ತೋಟಕ್ಕೆ ಬರುವುದು ಎಂದು ಒಪ್ಪಂದವಾಯಿತು. ನಾನು ಆಸ್ಪತ್ರೆಯಲ್ಲಿ ಡ್ಯೂಟಿ ಬದಲಿಸಿಕೊಂಡೆ, ಬದಲಿಗೆ ಎರಡು ಶನಿವಾರದ ರಜೆ ಬಿಟ್ಟುಕೊಟ್ಟೆ.

ಮೊದಲ ಶುಕ್ರವಾರ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಚೀಲ. ಎರಡನೆಯದರಲ್ಲಿ ಗಾಳ ಕಲ್ಲಿಗೆ ಸಿಕ್ಕಿ ದಾರವೇ ಹೋಯಿತು. ಮೂರನೆಯದರಲ್ಲಿ ಎಂಥ ಚಳಿಗಾಳಿ ಎಂದರೆ ಡ್ಯಾನಿಯಲ್ ಕಾರಿನೊಳಗೆ ಕುಳಿತು ಹೀಟರ್ ಹಾಕಿಕೊಂಡ. ಆದರೆ ವಿಚಿತ್ರ ನೋಡು, ಆನ್ಸನ್ ಒಮ್ಮೆಯೂ ಮನೆಗೆ ಹೋಗೋಣ ಎನ್ನಲಿಲ್ಲ. ಅಲ್ಲಿ ಅವನಿಗೊಬ್ಬ ಗುರು ಸಿಕ್ಕಿದ್ದರು. ಹನಾನ್ ಎಂದು ಹೆಸರು, ಇಲ್ಲಿಯವರೇ, ಕುವೈತಿ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಕಪ್ಪು ಅಬಾಯದ ಕೆಳಗೆ ರಬ್ಬರ್ ಬೂಟು, ಕೈಯಲ್ಲಿ ತಮಗಿಂತ ಎರಡು ಪಟ್ಟು ಉದ್ದದ ರಾಡ್. ಸಿಗಡಿಯನ್ನು ಗಾಳಕ್ಕೆ ಬಾಲದಿಂದ ಚುಚ್ಚುವುದು ಹೇಗೆ, ನೀರು ಏರುವ ಹೊತ್ತು ಯಾವುದು, ಸೀಸದ ಗುಂಡು ಎಷ್ಟು ದೂರ ಬೀಳಬೇಕು, ಎಲ್ಲ ಹೇಳಿಕೊಟ್ಟರು. ಅವಸರ ಮಾಡಿದರೆ "ಸಬ್ರ್, ಹಬೀಬಿ, ಸಬ್ರ್" ಎಂದು ತಾಳ್ಮೆಯ ಪಾಠ. ಅವರ ಕುಟುಂಬಕ್ಕೆ ಖೈರಾನ್ ಕಡೆ ಕಡಲಿಗೆ ತಾಗಿದ ಸ್ವಂತ ಮನೆಯಿದೆಯಂತೆ, ಮುಂದಿನ ದಂಡೆಯಲ್ಲಿ ಹೊರಗಿನವರು ಕಾಲಿಡುವಂತಿಲ್ಲವಂತೆ. ಹಾಗಿದ್ದರೂ ಇಲ್ಲಿಗೇಕೆ ಬರುತ್ತೀರಿ ಎಂದು ಕೇಳಿದೆ. ಅವರು ನಕ್ಕು, "ಸಿಸ್ಟರ್, ಅಲ್ಲಿ ದೊಡ್ಡ ಮೀನು ಸಿಕ್ಕಿದರೆ ಕೂಗಿ ಕರೆಯಲು ಯಾರಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎರಡು ದಿನ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಈಗ ನಿನ್ನೆಯ ಕಥೆ. ನಾಲ್ಕನೆಯ, ಕೊನೆಯ ಶುಕ್ರವಾರ. ಬೆಳಿಗ್ಗೆ ಆರಕ್ಕೆ ತಲುಪಿದೆವು. ರಾಷ್ಟ್ರೀಯ ದಿನ ಹತ್ತಿರ ಬಂದದ್ದರಿಂದ ರಸ್ತೆಯುದ್ದಕ್ಕೂ ಬಾವುಟಗಳು. ದಂಡೆಯಲ್ಲಿ ಆಗಲೇ ಹತ್ತಿಪ್ಪತ್ತು ಮಂದಿ, ಈಜಿಪ್ಟಿನವರು, ಬಂಗಾಳಿಗಳು, ನಮ್ಮ ಕಾರ್ಕಳದ ಪೃಥ್ವಿ. ಪೃಥ್ವಿ ಹೋಟೆಲಿನಲ್ಲಿ ಕೆಲಸ ಮಾಡುವ ತುಳು ಹುಡುಗ, ರಾತ್ರಿ ಪಾಳಿ ಮುಗಿಸಿ ನೇರ ದಂಡೆಗೇ ಬರುತ್ತಾನೆ. ಡ್ಯಾನಿಯಲ್ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದಿದ್ದ, ಇಲ್ಲಿಂದ ನೇರ ಚರ್ಚಿನ ಪೂಜೆಗೆ ಹೋಗೋಣ, ಹೇಗೂ ಏನೂ ಸಿಗುವುದಿಲ್ಲ ಎಂದು! ಎಂಟೂವರೆಯಾಯಿತು. ಒಂಬತ್ತಾಯಿತು. ಅವನು ವಾಚು ನೋಡಿ, "ಖಲಾಸ್, ಹೊರಡುವ" ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಅಷ್ಟರಲ್ಲಿ ಆನ್ಸನ್‌ನ ರಾಡಿನ ತುದಿ ಒಮ್ಮೆ ಅಲುಗಿತು. ಎರಡನೆಯ ಸಲ ಅಲುಗಲಿಲ್ಲ ಅಣ್ಣಾ, ಬಾಗಿಯೇ ಹೋಯಿತು! ರೀಲು ಕಿರ್ರೆಂದು ಕಿರುಚಿ ದಾರ ಓಡತೊಡಗಿತು, ಹುಡುಗನನ್ನು ಎರಡು ಹೆಜ್ಜೆ ನೀರಿಗೆ ಎಳೆದುಕೊಂಡು ಹೋಯಿತು. ನಾನು ಹಿಂದಿನಿಂದ ಅವನ ಜಾಕೆಟ್ ಹಿಡಿದೆ.

ಹನಾನ್ ತಮ್ಮ ರಾಡ್ ಬಿಸಾಡಿ ಓಡಿ ಬಂದರು. ಒಂದು ಸಲವೂ ಅವನ ರಾಡಿಗೆ ಕೈ ಹಾಕಲಿಲ್ಲ ನೋಡು, ಪಕ್ಕದಲ್ಲಿ ನಿಂತು "ಶ್ವಯ್ಯ, ಶ್ವಯ್ಯ, ನಿಧಾನ, ಅದು ಓಡಲಿ, ಈಗ ಸುತ್ತು" ಎನ್ನುತ್ತಿದ್ದರು ಅಷ್ಟೆ. ಮೀನು ಎಡಕ್ಕೆ ಓಡಿತು. ಅಲ್ಲಿ ಆರೇಳು ಜನರ ದಾರಗಳು ನೀರಿನಲ್ಲಿದ್ದವು, ಸಿಕ್ಕು ಬಿದ್ದರೆ ಎಲ್ಲ ಮುಗಿದಂತೆ. ಆಗ ಏನಾಯಿತು ಗೊತ್ತೇ? ಯಾರೂ ಹೇಳದೆ, ಆ ಕಡೆ ನಿಂತಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ತಮ್ಮ ದಾರ ಸುತ್ತಿಕೊಂಡರು. ಅಷ್ಟು ಹೊತ್ತಿನಿಂದ ಕಾದವರು! "ಯಲ್ಲಾ, ಯಾ ವಲದ್!" ಎಂದು ಹುಡುಗನನ್ನು ಹುರಿದುಂಬಿಸುವ ಈಜಿಪ್ಟಿನವರೊಬ್ಬರ ಕೂಗು, "ಚಲೋ ಚಲೋ, ಖೀಂಚೋ" ಎಳೆ ಎಳೆ ಎಂದು ಬಂಗಾಳಿಗಳು. ಕಾಲು ಗಂಟೆ ಹೀಗೇ. ಕೊನೆಗೆ ದಂಡೆಯಿಂದ ಹತ್ತು ಮಾರು ದೂರದಲ್ಲಿ ಬೆಳ್ಳಿಯ ತಟ್ಟೆಯ ಹಾಗೆ ಒಮ್ಮೆ ಹೊಳೆಯಿತು. "ಸುಬೈಟಿ!" ಎಂದು ಇಡೀ ದಂಡೆ ಒಂದೇ ಉಸಿರಿನಲ್ಲಿ ಕೂಗಿತು. ಇಲ್ಲಿಯ ಗಾಳದವರು ಆಸೆಪಡುವ ಮೀನು ಅದು.

ಅಷ್ಟರಲ್ಲಿ ದಾರ ಹಾಸುಗಲ್ಲಿನ ಕೆಳಗೆ ಸಿಕ್ಕಿಕೊಂಡಿತು. ಪೃಥ್ವಿ ಬಲೆ ಹಿಡಿದು ನೀರಿಗಿಳಿಯುವ ಮೊದಲೇ ದೊಪ್ಪನೆ ಸದ್ದಾಯಿತು. ನೋಡಿದರೆ ನಮ್ಮ ಡ್ಯಾನಿಯಲ್! ಇಸ್ತ್ರಿಯ ಪ್ಯಾಂಟು, ಬೂಟು, ಜೇಬಿನಲ್ಲಿ ಮೊಬೈಲು, ಎಲ್ಲದರ ಸಮೇತ ಎದೆಮಟ್ಟ ನೀರಿನಲ್ಲಿ ನಿಂತು ಕಲ್ಲಿನಡಿ ಕೈ ಹಾಕುತ್ತಿದ್ದಾನೆ. ದಾರ ಬಿಡಿಸಿದ, ಮೀನನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡ. ಆಗ ನನ್ನ ಮಗ, ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗ, ಗಂಟಲು ಹರಿಯುವ ಹಾಗೆ "ಪಪ್ಪಾ, ಸೊಡಿನಾಕಾ! ಸೊಡಿನಾಕಾ ಪಪ್ಪಾ!" ಎಂದು ಕೂಗಿದ. ಬಿಡಬೇಡ, ಬಿಡಬೇಡ ಎಂದು. ಡ್ಯಾನಿಯಲ್ ಬಿಡಲಿಲ್ಲ.

ಹನಾನ್ ಬಳಿ ಕೊಕ್ಕೆ ತಕ್ಕಡಿ ಇತ್ತು. ಮೂರು ಕಿಲೋ ನಾನೂರು ಗ್ರಾಂ! ದಂಡೆಯವರೆಲ್ಲ ಬಂದು ಆನ್ಸನ್‌ನ ಕೈ ಕುಲುಕಿದರು, ದೊಡ್ಡವರ ಕೈ ಕುಲುಕುವ ಹಾಗೆ. ಅರ್ಧ ಮೀನು ಪೃಥ್ವಿಯ ರೂಮಿಗೆ ಕೊಟ್ಟೆವು, ಹನಾನ್‌ಗೆ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಉಳಿದದ್ದಕ್ಕೆ ನೀನು ಕಳಿಸಿದ ಬಾಫತ್ ಮಸಾಲೆ ಪುಡಿ, ಹುಣಿಸೆಹುಳಿ. ಊಟದ ಹೊತ್ತಿಗೆ ಡ್ಯಾನಿಯಲ್, "ನನ್ನ ಅಮ್ಮ ವಿಸಿಟ್‌ಗೆ ಬಂದರೆ ತೋಟಕ್ಕೇ ಕರೆದುಕೊಂಡು ಹೋಗುವ, ಅವರಿಗೆ ಕುರ್ಚಿ ಬೇಕು" ಎಂದು ತನ್ನ ವಾದ ಬಿಟ್ಟುಕೊಡದೆ ಹೇಳಿದ. ನಾನೂ ಒಪ್ಪಿದೆ, ಕುರ್ಚಿ ಬೇಕಾದವರಿಗೆ ಕುರ್ಚಿ ಇರಲಿ. ಮೊಬೈಲು ಅಕ್ಕಿ ಡಬ್ಬಿಯಲ್ಲಿದೆ, ಬದುಕುವ ಲಕ್ಷಣವಿಲ್ಲ.

ಅತ್ತಿಗೆಗೆ ನನ್ನ ಪ್ರೀತಿ, ಮಕ್ಕಳಿಗೆ ಮುತ್ತು. ಲೂರ್ಡ್ಸ್ ಬಾಯಿಯ ಕೈಯಲ್ಲಿ ಖರ್ಜೂರ ಕಳಿಸಿದ್ದೇನೆ, ಅತ್ತಿಗೆಗೆ ದಿನಕ್ಕೆ ಒಂದೇ. ದೇವರು ನಿಮ್ಮೆಲ್ಲರನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ತಂಗಿ,
ಜೆಸ್ಸಿ

ತಾ.ಕ. (ಸೋಮವಾರ ರಾತ್ರಿ): ಲೂರ್ಡ್ಸ್ ಬಾಯಿ ಬಾಗಿಲಲ್ಲೇ ನಿಂತಿದ್ದಾರೆ, ಸೂಟ್‌ಕೇಸಿಗೆ ಬೀಗ ಹಾಕಬೇಕಂತೆ, ಬೇಗ ಬರೆಯುತ್ತೇನೆ. ನಮ್ಮ ಹೊಳೆಬದಿಯ ಜಾಗವನ್ನು ರಿಸಾರ್ಟಿನವರಿಗೆ ಲೀಸಿಗೆ ಕೊಡಲು ನನ್ನ ಸಹಿ ಬೇಕೆಂದು ನೀನು ಕಳಿಸಿದ ಕರಾರು ಪತ್ರ ತಿಂಗಳಿಂದ ನನ್ನ ಹತ್ತಿರವೇ ಇದೆ. ಬೇಲಿ ಹಾಕಿ ಗಾಳ ಹಾಕುವವರಿಗೆ ಟಿಕೆಟ್ ಇಡುತ್ತಾರಂತೆ. ಇಡಲಿ ಅಣ್ಣಾ, ಅದರಿಂದ ನಿನಗೆ ಅನುಕೂಲವಾಗುವುದಾದರೆ ನನ್ನ ಅಡ್ಡಿಯಿಲ್ಲ. ಆದರೆ ರಸ್ತೆಯಿಂದ ನೀರಿನವರೆಗೆ ಐದು ಅಡಿ ಅಗಲದ ಕಾಲುದಾರಿ, ಯಾರು ಬೇಕಾದರೂ ಬರಲು, ಬೇಲಿಯ ಹೊರಗೆ ಬಿಡಬೇಕೆಂದು ಪತ್ರದಲ್ಲಿ ಒಂದು ಸಾಲು ಸೇರಿಸು. ಇಗರ್ಜಿಯ ಹಿಂದಿನ ಮನೆಗಳ ಮಕ್ಕಳು ಮತ್ತೆಲ್ಲಿಗೆ ಹೋಗಬೇಕು? ಆ ಸಾಲು ಸೇರಿಸಿದ ಪತ್ರವನ್ನು ಲೂರ್ಡ್ಸ್ ಬಾಯಿ ತಿರುಗಿ ಬರುವಾಗ ಅವರ ಕೈಯಲ್ಲೇ ಕೊಡು, ಬಂದ ದಿನವೇ ಸಹಿ ಹಾಕುತ್ತೇನೆ. ಆ ಸಾಲಿಲ್ಲದಿದ್ದರೆ ನಾನು ಹಾಕುವುದಿಲ್ಲ.